ಬುದ್ಧಿ ಹೇಳುವ ಮೊದಲು: ಆಪ್ತಸಮಾಲೋಚನೆಗೆ ಹೊಸದಾಗಿ ಕೂತವರಿಗೆ

"ಮೇಡಂ, ಇವನಿಗೆ ಸ್ವಲ್ಪ ಬುದ್ಧಿ ಹೇಳಿ."

ಬೆಂಗಳೂರಿನಲ್ಲಿ ಕನ್ನಡದಲ್ಲಿ ಕೌನ್ಸೆಲಿಂಗ್ ಮಾಡುವ ಯಾರನ್ನೇ ಕೇಳಿ, ಈ ಮಾತು ಅವರ ಕಿವಿಗೆ ಬಿದ್ದೇ ಇರುತ್ತದೆ. ಅಮ್ಮ ಮಗನನ್ನು ಕರೆತಂದು ಹೇಳುತ್ತಾರೆ. ಗಂಡ ಹೆಂಡತಿಯನ್ನು ಕೂರಿಸಿ ಹೇಳುತ್ತಾನೆ. ಹೆಡ್‌ಮಾಸ್ಟರು ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಕಳಿಸಿ ಹೇಳುತ್ತಾರೆ. ನಮ್ಮ ಜನರ ಮನಸ್ಸಿನಲ್ಲಿ ಈ ಕೆಲಸದ ಹೆಸರೇ ಬುದ್ಧಿ ಹೇಳುವುದು. ಹೊಸಬರಿಗೆ ಮೊದಲ ಕಷ್ಟ ಇಲ್ಲೇ ಶುರುವಾಗುತ್ತದೆ. ಯಾಕೆಂದರೆ ನಮಗೂ ಒಳಗೊಳಗೇ ಬುದ್ಧಿ ಹೇಳುವ ಆಸೆ ಇರುತ್ತದೆ.

ನನ್ನ ಮೊದಲ ವರ್ಷದಲ್ಲಿ ಪೀಣ್ಯದ ವರ್ಕ್‌ಶಾಪ್ ಒಂದರಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಬಂದಿದ್ದ. ಊರಲ್ಲಿ ಅಪ್ಪ ಮಾಡಿದ ಸಾಲ, ಇಲ್ಲಿ ರೂಮಿನ ಬಾಡಿಗೆ, ತಂಗಿಯ ಫೀಸು. ಅವನು ಹತ್ತು ನಿಮಿಷ ಮಾತಾಡಿದ. ನಾನು ಅರ್ಧ ಗಂಟೆ ಮಾತಾಡಿದೆ. ಖರ್ಚು ಬರೆದಿಡು, ಬೇಗ ಮಲಗು, ಅಪ್ಪನ ಜೊತೆ ಕೂತು ಮಾತಾಡು. ಪ್ರತಿಯೊಂದಕ್ಕೂ "ಸರಿ ಮೇಡಂ" ಅಂದ. ಕೈ ಮುಗಿದು ಹೊರಟ. ಮತ್ತೆ ಬರಲಿಲ್ಲ. ಆ "ಸರಿ ಮೇಡಂ" ಅಂದರೆ ಏನು ಅಂತ ಅರ್ಥವಾಗಲು ನನಗೆ ತುಂಬಾ ದಿನ ಬೇಕಾಯಿತು. ಒಂದೇ ಸೆಷನ್ನಿನಲ್ಲಿ ಅದು ಮೂರು ಸಲ ಕೇಳಿಬಂದರೆ, ಮಾತಾಡುತ್ತಿರುವವರು ನೀವು, ತಡೆದುಕೊಂಡು ಕೂತಿರುವವರು ಅವರು.

ಎಂಎಸ್‌ಡಬ್ಲ್ಯೂ ಮುಗಿಸಿ ಬಂದವರು, ಡಿಪ್ಲೊಮಾ ಮಾಡುತ್ತಿರುವವರು, ಶಾಲೆಯಲ್ಲಿ, ಸಂಘ ಸಂಸ್ಥೆಯಲ್ಲಿ ಈಗ ತಾನೇ ಈ ಕುರ್ಚಿಯಲ್ಲಿ ಕೂತವರು, ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ಸೆಷನ್ ನಡೆಯುವ ಕ್ರಮದಲ್ಲೇ ಹೋಗೋಣ.

ಕುರ್ಚಿ, ಗಡಿಯಾರ, ಗೋಡೆ

ಎರಡು ಕುರ್ಚಿಯೂ ಒಂದೇ ಎತ್ತರ ಇರಲಿ. ಎದುರುಬದುರು ಇಡಬೇಡಿ, ಸ್ವಲ್ಪ ಓರೆಯಾಗಿ ಇಡಿ. ಕಣ್ಣು ತಪ್ಪಿಸಬೇಕು ಅನ್ನಿಸಿದಾಗ ಅವರಿಗೆ ಬೇರೆ ಕಡೆ ನೋಡಲು ಜಾಗ ಬೇಕು. ನಡುವೆ ಟೇಬಲ್ ಬೇಡ. ಗಡಿಯಾರ ಅವರ ಹಿಂದಿನ ಗೋಡೆಯ ಮೇಲಿದ್ದರೆ ನೀವು ಕೈ ತಿರುಗಿಸಿ ವಾಚು ನೋಡುವ ಪ್ರಸಂಗ ಬರುವುದಿಲ್ಲ. ನೀರು, ಟಿಶ್ಯೂ ಅವರ ಕೈಗೆ ಎಟುಕುವ ಹಾಗೆ ಇಡಿ. ಅತ್ತ ಕೂಡಲೇ ನೀವೇ ಎತ್ತಿ ಕೊಡಬೇಡಿ. "ಅತ್ತಿದ್ದು ಸಾಕು" ಅಂತ ಹೇಳಿದ ಹಾಗೆ ಆಗುತ್ತದೆ.

ಪಕ್ಕದ ರೂಮಿನ ಮಾತು ನಿಮಗೆ ಕೇಳಿಸುತ್ತಿದ್ದರೆ ನಿಮ್ಮ ಮಾತೂ ಅಲ್ಲಿಗೆ ಕೇಳಿಸುತ್ತದೆ. ಫ್ಯಾನ್ ಜೋರು ಮಾಡಿ, ಇಲ್ಲವೇ ಬಾಗಿಲ ಹೊರಗೆ ಸಣ್ಣದಾಗಿ ರೇಡಿಯೋ ಹಾಕಿ. ಇನ್ನೊಂದು ಮಾತು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತು ಬಂದವರು ನೇರವಾಗಿ ಇನ್ನೊಬ್ಬರ ಕಷ್ಟ ಕೇಳಲು ಕೂರಬೇಡಿ. ಹತ್ತು ನಿಮಿಷ ಮೊದಲೇ ಬನ್ನಿ. ಸುಮ್ನೆ ಕೂತು ಉಸಿರು ಹದಕ್ಕೆ ಬರಲಿ.

ಮೊದಲ ಐದು ನಿಮಿಷ

ನೀವು ಯಾರು, ಎಷ್ಟು ಹೊತ್ತು ಸಿಗುತ್ತೀರಿ, ಇಲ್ಲಿ ಆಡಿದ ಮಾತು ಎಲ್ಲಿಗೆ ಹೋಗುತ್ತದೆ, ಈ ಮೂರನ್ನು ಮೊದಲೇ ಹೇಳಿ. ಸಾಮಾನ್ಯವಾಗಿ ಒಂದು ಸೆಷನ್ 45ರಿಂದ 50 ನಿಮಿಷ. ಗುಟ್ಟಿನ ಬಗ್ಗೆ ನಾನು ಹೇಳುವ ಮಾತು ಹೀಗಿರುತ್ತದೆ:

"ನೀವಿಲ್ಲಿ ಹೇಳಿದ್ದನ್ನ ನಿಮ್ಮನ್ನ ಕೇಳದೆ ಯಾರಿಗೂ ಹೇಳಲ್ಲ. ನಿಮ್ಮ ಮನೆಯವರು ಫೋನ್ ಮಾಡಿ ಕೇಳಿದ್ರೂ ಅಷ್ಟೆ. ಆದ್ರೆ ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ನಿಸಿದ್ರೆ, ಇಲ್ಲಾ ಒಂದು ಮಗುಗೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ, ನಾನು ಸುಮ್ನೆ ಇರೋಕಾಗಲ್ಲ. ಆಗ ಏನು ಮಾಡ್ತೀನಿ ಅಂತ ನಿಮಗೆ ಹೇಳೇ ಮಾಡ್ತೀನಿ."

ಮಗುವಿನ ವಿಷಯದಲ್ಲಿ ಇದು ಕಾನೂನು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಶಿಕ್ಷೆ ಇದೆ. ಆದ್ದರಿಂದ ಶಾಲೆಯ ಮಕ್ಕಳಿಗೆ "ಯಾರಿಗೂ ಹೇಳಲ್ಲ, ಪ್ರಾಮಿಸ್" ಅಂತ ಯಾವತ್ತೂ ಮಾತು ಕೊಡಬೇಡಿ. ಮಗು ಹೇಳಿದ ಮೇಲೆ ಆ ಮಾತು ಮುರಿದರೆ ದೊಡ್ಡವರ ಮೇಲೆ ಅದಕ್ಕೆ ಉಳಿದಿದ್ದ ಕೊನೆಯ ನಂಬಿಕೆಯೂ ಹೋಗುತ್ತದೆ.

ಜೊತೆಗೆ ಬಂದ ಮನೆಯವರ ಬಗ್ಗೆ. ಐದು ನಿಮಿಷ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿ. ಆಮೇಲೆ "ಈಗ ಸ್ವಲ್ಪ ಹೊತ್ತು ಇವರೊಬ್ಬರ ಹತ್ರಾನೇ ಮಾತಾಡ್ತೀನಿ ಅಮ್ಮ, ನೀವು ಹೊರಗೆ ಕೂತಿರಿ" ಅಂತ ಮರ್ಯಾದೆಯಿಂದಲೇ ಕಳಿಸಿ. ಬುದ್ಧಿ ಹೇಳಿ ಅಂದವರಿಗೆ ನನ್ನ ಉತ್ತರ ಒಂದೇ: "ಮೊದಲು ಅವನಿಗೆ ಏನಾಗಿದೆ ಅಂತ ಅವನ ಬಾಯಲ್ಲೇ ಕೇಳ್ತೀನಿ."

ಏನಂತ ಕರೆಯುವುದು ಅನ್ನುವುದೂ ಸಣ್ಣ ವಿಷಯವಲ್ಲ. ಹದಿನಾರರ ಹುಡುಗನಿಗೂ ನಾನು "ನೀವು" ಅಂತಲೇ ಶುರು ಮಾಡುತ್ತೇನೆ. ಅವನೇ "ನೀನು ಅನ್ನಿ ಮೇಡಂ" ಅಂದರೆ ಬದಲಾಯಿಸುತ್ತೇನೆ. ಕೆಲವರು ಎರಡನೇ ಭೇಟಿಗೇ "ಅಕ್ಕ" ಅನ್ನುತ್ತಾರೆ. ಬೇಡ ಅನ್ನಬೇಡಿ, ಅದರಲ್ಲಿ ಪ್ರೀತಿ ಇದೆ. ಆದರೆ ಅಕ್ಕ ಆದ ಕೂಡಲೇ ಅಕ್ಕನ ಕೆಲಸಗಳೂ ಬರುತ್ತವೆ. ಗಂಡನ ಹತ್ತಿರ ಮಾತಾಡಿ, ಸ್ವಲ್ಪ ದುಡ್ಡು ಕೊಡಿ, ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತಿ. ಕರೆಯುವುದು ಅವರಿಷ್ಟ. ಗೆರೆ ಎಳೆಯುವ ಜವಾಬ್ದಾರಿ ನಿಮ್ಮದು. ನಿಮ್ಮ ಸ್ವಂತ ನಂಬರ್ ಕೊಡಬೇಡಿ.

ಕೇಳಿಸಿಕೊಳ್ಳುವುದು

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಮನುಷ್ಯ ಬದಲಾಗಲು ಏನೇನು ಬೇಕು ಅಂತ ಪಟ್ಟಿ ಮಾಡಿದರು. ಅದರಲ್ಲಿ ಸಹಾಯ ಮಾಡುವವರಲ್ಲಿ ಇರಬೇಕಾದ್ದು ಮೂರು. ನಮ್ಮ ಮಾತಲ್ಲಿ ಹೇಳುವುದಾದರೆ, ಅವರ ಜಾಗದಲ್ಲಿ ನಿಂತು ನೋಡುವುದು, ಶರತ್ತು ಹಾಕದೆ ಒಪ್ಪಿಕೊಳ್ಳುವುದು, ಒಳಗೊಂದು ಹೊರಗೊಂದು ಇಲ್ಲದಿರುವುದು. ಕ್ಲಾಸಿನಲ್ಲಿ ಇದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಕುರ್ಚಿಯಲ್ಲಿ ಕೂತಾಗ ಇದು ಕಾಣಿಸಿಕೊಳ್ಳುವುದು ಒಂದೇ ರೀತಿಯಲ್ಲಿ: ನೀವು ಎಷ್ಟು ಹೊತ್ತು ಸುಮ್ಮನಿರಬಲ್ಲಿರಿ.

ಮೈಯ ಭಂಗಿ ಬಗ್ಗೆ ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೆರಾರ್ಡ್ ಈಗನ್ ಕೊಟ್ಟ ಐದು ಸೂಚನೆಗಳನ್ನು ಹೆಚ್ಚಿನ ಕೋರ್ಸುಗಳಲ್ಲಿ ಕಲಿಸುತ್ತಾರೆ. ಅವರ ಕಡೆ ತಿರುಗಿ ಕೂರಿ, ಕೈ ಕಟ್ಟಬೇಡಿ, ಸ್ವಲ್ಪ ಮುಂದಕ್ಕೆ ಬಾಗಿ, ಕಣ್ಣಲ್ಲಿ ಕಣ್ಣಿಡಿ, ಬಿಗಿಯಾಗಿ ಕೂರಬೇಡಿ. ಕಣ್ಣಿನ ವಿಷಯವನ್ನು ಮಾತ್ರ ನಮ್ಮ ಊರಿಗೆ ತಕ್ಕ ಹಾಗೆ ಮಾಡಿಕೊಳ್ಳಿ. ದೊಡ್ಡವರ ಮುಂದೆ ತಲೆ ತಗ್ಗಿಸಿ ಕೂರುವುದನ್ನು ಕಲಿತು ಬೆಳೆದ ಹುಡುಗಿ ನಿಮ್ಮ ಕಣ್ಣು ನೋಡದಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಅಂತ ಅಂದುಕೊಳ್ಳಬೇಡಿ.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. "ನನಗೆ ಡಿಪ್ರೆಶನ್" ಅಂತ ಹೇಳಿಕೊಂಡು ಬರುವವರು ಇದ್ದಾರೆ. ಆದರೆ ಕನ್ನಡದಲ್ಲಿ ಮಾತಾಡುವ ಹೆಚ್ಚಿನವರು ಹಾಗೆ ಹೇಳುವುದಿಲ್ಲ. ಎದೆ ಭಾರ ಅನ್ನುತ್ತಾರೆ. ತಲೆ ಓಡ್ತಿಲ್ಲ, ನಿದ್ದೆ ಹತ್ತಲ್ಲ, ಕೈಕಾಲಲ್ಲಿ ಶಕ್ತಿ ಇಲ್ಲ, ಒಂಥರಾ ಆಗುತ್ತೆ. ಎಲ್ಲಕ್ಕಿಂತ ಜಾಸ್ತಿ ಕೇಳುವ ಪದ "ಬೇಜಾರು". ಈ ಒಂದು ಪದದ ಹತ್ತಿರ ಎಚ್ಚರವಾಗಿರಿ. ಭಾನುವಾರ ಮಧ್ಯಾಹ್ನ ಮಾಡಲು ಕೆಲಸ ಇಲ್ಲದಿದ್ದರೂ ಬೇಜಾರು. ಅತ್ತಿಗೆ ಮದುವೆಗೆ ಕರೆಯದಿದ್ದರೂ ಬೇಜಾರು. ಅಪ್ಪ ತೀರಿಕೊಂಡರೂ ಬೇಜಾರು. ಬದುಕೇ ಬೇಡ ಅನ್ನಿಸಿದರೂ ಬೇಜಾರು. ಇವರ ಬೇಜಾರು ಯಾವುದು ಅಂತ ನೀವು ಊಹಿಸಿಬಿಟ್ಟರೆ ಉಳಿದ ಮುಕ್ಕಾಲು ಗಂಟೆ ಬೇರೆ ಯಾರದೋ ಕಷ್ಟಕ್ಕೆ ಉತ್ತರ ಹುಡುಕುತ್ತೀರಿ.

ಮೈಸೂರು ರಸ್ತೆ ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ತಾಯಿ ಬಂದಿದ್ದರು. ಅವರ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಮಾತು ನಡೆದದ್ದು ಹೀಗೆ.

"ಏನಿಲ್ಲ ಮೇಡಂ. ಸುಮ್ನೆ ಬೇಜಾರು."

"ಬೇಜಾರು..."

ನಾನು ಅಲ್ಲಿಗೇ ನಿಲ್ಲಿಸಿದೆ. ಅವರು ಸೆರಗಿನ ತುದಿ ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಗಡಿಯಾರದಲ್ಲಿ ಅರ್ಧ ನಿಮಿಷ ಕಳೆದಿರಬಹುದು. ಹೊಸಬರಿಗೆ ಅಷ್ಟು ಹೊತ್ತು ಒಂದು ಯುಗ.

"ಮಗಳು ನನ್ನ ಹತ್ರ ಮಾತು ಬಿಟ್ಟಿದ್ದಾಳೆ."

"ಮಗಳು ಮಾತು ಬಿಟ್ಟಿದ್ದಕ್ಕೆ ತುಂಬಾ ನೋವಾಗಿದೆ, ಅಲ್ವಾ?"

"ನೋವಲ್ಲ ಮೇಡಂ. ನಾಚಿಕೆ." ಸೆರಗು ಕೈಯಿಂದ ಜಾರಿತು. "ಊಟದ ಡಬ್ಬಿ ಮರೆತು ಹೋಗಿದ್ಲು. ಕಾಲೇಜ್ ಹತ್ರ ಕೊಡೋಕೆ ಹೋದೆ, ಫ್ಯಾಕ್ಟರಿ ಐಡಿ ಕಾರ್ಡ್ ಕತ್ತಲ್ಲೇ ಇತ್ತು. ಫ್ರೆಂಡ್ಸಿಗೆ ‘ಪಕ್ಕದ ಮನೆ ಆಂಟಿ’ ಅಂತ ಹೇಳಿದ್ಲು."

ನಾನು ಹೇಳಿದ ಪದ ತಪ್ಪಾಗಿತ್ತು. ಆ ತಪ್ಪನ್ನು ತಿದ್ದಲು ಹೋಗಿ ಅವರು ನಿಜವಾದ ಪದ ಹೇಳಿದರು. ಅವರ ಭಾವನೆಯನ್ನು ಅವರಿಗೇ ತಿರುಗಿ ಹೇಳುವುದರ ಲಾಭ ಇದು. ಸರಿಯಾದರೆ "ಹೂಂ, ಅದೇ" ಅಂತ ಮುಂದೆ ಹೋಗುತ್ತಾರೆ. ತಪ್ಪಾದರೆ ತಿದ್ದುತ್ತಾರೆ. ಎರಡರಲ್ಲೂ ನಷ್ಟ ಇಲ್ಲ, ನಿಮ್ಮ ದನಿಯಲ್ಲಿ ತಿದ್ದಲು ಜಾಗ ಬಿಟ್ಟಿರಬೇಕು ಅಷ್ಟೆ. "ನಿಮಗೆ ನೋವಾಗಿದೆ" ಅಂತ ತೀರ್ಪು ಕೊಟ್ಟ ಹಾಗೆ ಹೇಳಿದ್ದರೆ ಅವರು "ಹೌದು ಮೇಡಂ" ಅಂದು ಸುಮ್ಮನಾಗುತ್ತಿದ್ದರೇನೋ.

ಹೇಳುವಾಗ ಅವರದೇ ಪದ ಬಳಸಿ. ಅವರು ಎದೆ ಉರಿ ಅಂದರೆ ನೀವೂ ಎದೆ ಉರಿ ಅನ್ನಿ. ಅದನ್ನು "ಆತಂಕ" ಅಂತ ಅನುವಾದ ಮಾಡಬೇಡಿ. ಬೆಂಗಳೂರಿನಲ್ಲಿ ಇನ್ನೊಂದನ್ನೂ ಗಮನಿಸಿ. ಕನ್ನಡದಲ್ಲಿ ಚೆನ್ನಾಗಿ ಮಾತಾಡುತ್ತಿದ್ದವರು ನೋವಿನ ಜಾಗ ಬಂದ ಕೂಡಲೇ ಇಂಗ್ಲಿಷಿಗೆ ಹೊರಳುತ್ತಾರೆ. "ಐ ಫೆಲ್ಟ್ ಬ್ಯಾಡ್" ಅಂತ ಹೇಳುವುದು ಸುಲಭ, ಅಮ್ಮನ ಭಾಷೆಯಲ್ಲಿ ಹೇಳುವುದು ಕಷ್ಟ. ತಮಿಳು, ತೆಲುಗು, ಉರ್ದು ಮನೆಮಾತಿನವರಲ್ಲಿ ಇದೇ ಉಲ್ಟಾ ಆಗುವುದೂ ಉಂಟು. ಬೈಗುಳ, ಅಳು, ಅಮ್ಮನ ಮಾತು ಮನೆಭಾಷೆಯಲ್ಲಿ ಬಂದುಬಿಡುತ್ತದೆ. ತಡೆಯಬೇಡಿ. "ಅದನ್ನ ನಿಮ್ಮ ಭಾಷೆಯಲ್ಲೇ ಹೇಳಿ, ಆಮೇಲೆ ನನಗೆ ತಿಳಿಸಿ" ಅನ್ನಿ.

ಪ್ರಶ್ನೆ ಕೇಳುವುದು

ಕನ್ನಡದಲ್ಲಿ "ಕೇಳು" ಅನ್ನುವ ಪದಕ್ಕೆ ಎರಡು ಅರ್ಥ ಇದೆ: ಕೇಳಿಸಿಕೊಳ್ಳುವುದು, ಪ್ರಶ್ನೆ ಹಾಕುವುದು. ಹೊಸಬರು ಎರಡನೆಯದಕ್ಕೆ ಬೇಗ ಜಾರುತ್ತಾರೆ. ಎಷ್ಟು ಮಕ್ಕಳು, ಸಂಬಳ ಎಷ್ಟು, ಗಂಡ ಕುಡೀತಾರಾ, ಸ್ವಂತ ಮನೆನಾ? ಐದು ನಿಮಿಷದಲ್ಲಿ ಪೊಲೀಸ್ ಸ್ಟೇಷನ್ ಆಗಿಬಿಡುತ್ತದೆ.

ಒಂದು ಸಲಕ್ಕೆ ಒಂದೇ ಪ್ರಶ್ನೆ. ಹೌದು, ಇಲ್ಲ ಅಂತ ಮುಗಿಯದ ಪ್ರಶ್ನೆ. "ಯಾಕೆ" ಅನ್ನುವುದನ್ನು ಆದಷ್ಟು ಬಿಡಿ. ನಮ್ಮಲ್ಲಿ ಆ ಪದ ಬೈಗುಳದ ಜೊತೆಗೇ ಬೆಳೆದಿದೆ. "ಯಾಕೆ ಲೇಟು, ಯಾಕೆ ಮಾರ್ಕ್ಸ್ ಕಮ್ಮಿ" ಅಂತ ಕೇಳಿಕೊಂಡೇ ಎಲ್ಲರೂ ದೊಡ್ಡವರಾದದ್ದು. "ಯಾಕೆ ಕೆಲಸ ಬಿಟ್ರಿ?" ಅಂದರೆ ಸಮರ್ಥನೆ ಬರುತ್ತದೆ. "ಕೆಲಸ ಬಿಟ್ಟ ದಿನ ಏನಾಯ್ತು?" ಅಂದರೆ ಕಥೆ ಬರುತ್ತದೆ.

ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಕೇಳಿದ್ದನ್ನು ನಾಲ್ಕು ವಾಕ್ಯದಲ್ಲಿ ಕಟ್ಟಿ ಹೇಳಿ. ಕೊನೆಗೆ "ಏನಾದ್ರೂ ಬಿಟ್ಟೆನಾ?" ಅಂತ ಕೇಳಿ. ಬಿಟ್ಟದ್ದೇ ಮುಖ್ಯವಾದದ್ದು ಅಂತ ಎಷ್ಟೋ ಸಲ ಆಗ ಗೊತ್ತಾಗುತ್ತದೆ.

ಫೋನಿನಲ್ಲಿ ಮಾತಾಡುವವರಾದರೆ ಮೊದಲ ಪ್ರಶ್ನೆ ಬೇರೆ. "ಈಗ ಪಕ್ಕದಲ್ಲಿ ಯಾರಾದ್ರೂ ಇದ್ದಾರಾ? ಹೌದು, ಇಲ್ಲ ಅಂದ್ರೆ ಸಾಕು." ಪಿಜಿಯಲ್ಲಿ ಮೂವರ ಜೊತೆ ಇರುವವರು, ಅತ್ತೆ ಮನೆಯ ಟೆರೇಸಿನಿಂದ ಮಾತಾಡುವವರು, ಇವರಿಗೆ ಇದು ಬೇಕೇ ಬೇಕು.

ಸಾವಿನ ಮಾತು ಬಂದಾಗ

ಹೊಸಬರು ಹೆದರುವುದು ಇಲ್ಲಿ. "ಸಾಕಾಗಿದೆ", "ಎಲ್ಲಾದ್ರೂ ಹೋಗಿಬಿಡೋಣ ಅನ್ಸುತ್ತೆ", "ನಾನಿಲ್ದಿದ್ರೆ ಅವರಿಗೇ ಒಳ್ಳೇದು". ಇಂಥ ಮಾತು ಬಂದರೆ ಪಕ್ಕಕ್ಕೆ ಸರಿಯಬೇಡಿ. ನೇರವಾಗಿ, ಮೆತ್ತಗೆ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದಾಗ ಹೆಚ್ಚಿನವರಿಗೆ ಭಾರ ಇಳಿಸಿದ ಹಾಗಾಗುತ್ತದೆ.

ಹೌದು ಅಂದರೆ ಗಾಬರಿ ಬೇಡ, ಉಪದೇಶವೂ ಬೇಡ. "ಮಕ್ಕಳ ಮುಖ ನೋಡ್ಕೊಳ್ಳಿ" ಅನ್ನಬೇಡಿ. ಅವರು ಈಗಾಗಲೇ ಮಕ್ಕಳ ಬಗ್ಗೆ ತಪ್ಪಿತಸ್ಥ ಭಾವನೆಯಲ್ಲಿದ್ದಾರೆ. ಇವನ್ನು ತಿಳಿದುಕೊಳ್ಳಿ: ಹೇಗೆ, ಯಾವಾಗ ಅಂತ ಯೋಚಿಸಿದ್ದಾರಾ? ಅದಕ್ಕೆ ಬೇಕಾದ್ದು ಕೈಗೆ ಸಿಗುವ ಹಾಗಿದೆಯಾ? ಹಿಂದೆ ಪ್ರಯತ್ನ ಮಾಡಿದ್ದರಾ? ಇವತ್ತು ರಾತ್ರಿ ಜೊತೆಯಲ್ಲಿ ಯಾರಿರುತ್ತಾರೆ?

ಅಪಾಯ ಹತ್ತಿರದಲ್ಲಿದೆ ಅನ್ನಿಸಿದರೆ ಒಬ್ಬರನ್ನೇ ಕಳಿಸಬೇಡಿ. ಅವರು ನಂಬುವ ಒಬ್ಬರನ್ನು ಅವರಿಗೆ ಹೇಳಿಯೇ ಕರೆಸಿ. ಮನೆಯಲ್ಲಿರುವ ಮಾತ್ರೆ, ವಿಷದಂಥ ವಸ್ತುಗಳನ್ನು ಬೇರೆಯವರ ಕೈಗೆ ಒಪ್ಪಿಸುವಂತೆ ಮನೆಯವರ ಜೊತೆ ಮಾತಾಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ಚಿಕಿತ್ಸೆ ಹಗಲು ರಾತ್ರಿ ಸಿಗುತ್ತದೆ. ದೂರ ಇದ್ದರೆ ಹತ್ತಿರದ ದೊಡ್ಡ ಆಸ್ಪತ್ರೆ, ಇಲ್ಲವೇ 112. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಫೋನಿನಲ್ಲಿ ಅಲ್ಲೇ ಸೇವ್ ಮಾಡಿಸಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಮ ಫೋನಿನಲ್ಲಿ ಇದರ ಜೊತೆ ಮಕ್ಕಳಿಗಾಗಿ 1098, ಮಹಿಳೆಯರಿಗಾಗಿ 181, ಹಿರಿಯರಿಗಾಗಿ 14567 ಇರಲಿ.

ಕೇಸ್ ಆಗುತ್ತದೆ ಅಂತ ಹೆದರಿ ಆತ್ಮಹತ್ಯೆ ಪ್ರಯತ್ನವನ್ನು ಮುಚ್ಚಿಡುವ ಮನೆಗಳು ಇನ್ನೂ ಇವೆ. ಅವರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಬಗ್ಗೆ ಹೇಳಿ. ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ನೋಡುತ್ತದೆ. ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಅಂತಲೂ ಅದೇ ಸೆಕ್ಷನ್ ಹೇಳುತ್ತದೆ.

ನಮ್ಮ ಕೈಗೆ ಮೀರಿದ್ದು

ಯಾರೂ ಇಲ್ಲದಾಗ ದನಿ ಕೇಳಿಸುವುದು. ದಿನಗಟ್ಟಲೆ ನಿದ್ದೆ ಇಲ್ಲದೆ ಅತಿಯಾದ ಉತ್ಸಾಹ, ನಿಲ್ಲದ ಮಾತು. ಬಾಣಂತಿಯ ನಡವಳಿಕೆ ಇದ್ದಕ್ಕಿದ್ದಂತೆ ಬದಲಾಗುವುದು. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿ ಕೈ ನಡುಕ, ಬೆವರು ಬರುವುದು. ಇವೆಲ್ಲ ಡಾಕ್ಟರು ನೋಡಬೇಕಾದವು. ಈ ಕೊನೆಯದರಲ್ಲಿ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಹಾಗಾಗಿ "ಇವತ್ತೇ ಬಿಟ್ಟುಬಿಡಿ" ಅಂತ ಹುರಿದುಂಬಿಸಬೇಡಿ, ಡಾಕ್ಟರ ಹತ್ತಿರ ಕಳಿಸಿ. ಸುಸ್ತು, ಬೇಜಾರು ಅಂದವರಿಗೆ ಥೈರಾಯ್ಡ್, ರಕ್ತಹೀನತೆ ಇರಬಹುದು, ಒಮ್ಮೆ ರಕ್ತ ಪರೀಕ್ಷೆ ಮಾಡಿಸಲು ಹೇಳಿ. ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ನಿಲ್ಲಿಸಿ ಅಂತಾಗಲಿ, ಕಡಿಮೆ ಮಾಡಿ ಅಂತಾಗಲಿ ಹೇಳುವ ಹಕ್ಕು ನಮಗಿಲ್ಲ. ಹಾಗೆಯೇ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವ ಹೆಸರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ನಿಮಗೆ ಅದು ಇಲ್ಲದಿದ್ದರೆ ಯಾರಾದರೂ ಹಾಗೆ ಪರಿಚಯಿಸಿದಾಗ ಅಲ್ಲೇ ತಿದ್ದಿ.

ಕಳಿಸುವಾಗ "ನಿಮ್ಹಾನ್ಸ್‌ಗೆ ಹೋಗಿ" ಅಂತ ಸುಮ್ನೆ ಅನ್ನಬೇಡಿ. ನಮ್ಮ ಊರಿನಲ್ಲಿ ಆ ಹೆಸರು ಕೇಳಿದರೆ ಇವತ್ತಿಗೂ "ನಾನೇನು ಹುಚ್ಚನಾ" ಅನ್ನುವವರಿದ್ದಾರೆ. ಯಾಕೆ ಕಳಿಸುತ್ತಿದ್ದೀರಿ, ಅಲ್ಲಿ ಮೊದಲು ಏನು ಕೇಳುತ್ತಾರೆ, ಜೊತೆಗೆ ಯಾರು ಹೋದರೆ ಒಳ್ಳೆಯದು, ಎಲ್ಲವನ್ನೂ ಬಿಡಿಸಿ ಹೇಳಿ. ಒಂದು ಪತ್ರ ಬರೆದುಕೊಡಿ. "ಅಲ್ಲಿಗೆ ಹೋಗಿ ಬಂದ ಮೇಲೂ ನಾನು ಸಿಗ್ತೀನಿ" ಅನ್ನಿ.

ಮುಗಿಸುವುದು

ಹತ್ತು ನಿಮಿಷ ಇರುವಾಗಲೇ "ಇನ್ನು ಹತ್ತು ನಿಮಿಷ ಇದೆ" ಅಂತ ಹೇಳಿ. ಹೇಳದಿದ್ದರೆ ದೊಡ್ಡ ವಿಷಯ ಬಾಗಿಲ ಹತ್ತಿರ ಬರುತ್ತದೆ. ಚಪ್ಪಲಿ ಹಾಕಿಕೊಳ್ಳುತ್ತಾ "ಇನ್ನೊಂದು ಮಾತು ಮೇಡಂ" ಅನ್ನುತ್ತಾರೆ. ಜೀವದ ಅಪಾಯದ ಮಾತಾದರೆ ವಾಪಸ್ ಕೂರಿಸಿ. ಬೇರೆ ಏನಾದರೂ ಆದರೆ, "ಇದು ಮುಖ್ಯ. ಮುಂದಿನ ವಾರ ಇದರಿಂದಲೇ ಶುರು ಮಾಡೋಣ" ಅಂದು ಅಲ್ಲೇ ಬರೆದಿಟ್ಟುಕೊಳ್ಳಿ.

ಏನಾದರೂ ಮಾಡಬೇಕು ಅಂತ ತೀರ್ಮಾನವಾದರೆ ಅದು ಅವರ ಬಾಯಿಂದ ಬರಲಿ, ಚಿಕ್ಕದಿರಲಿ. ಆ ತಾಯಿ ಎಂಟು ದಿನಕ್ಕೆ ಮಾಡುತ್ತೇನೆ ಅಂದದ್ದು ಇಷ್ಟೇ: ಮಗಳ ಡಬ್ಬಿಗೆ ಎಂದಿನಂತೆ ಊಟ ಹಾಕುವುದು, ಆ ದಿನದ ಮಾತನ್ನು ತಾನಾಗಿ ಎತ್ತದಿರುವುದು, ಅವಳು ಎತ್ತಿದರೆ "ನಂಗೆ ನಾಚಿಕೆ ಆಯ್ತು" ಅಂತ ಹೇಳುವುದು. ಈ ಮೂರರಲ್ಲಿ ಒಂದನ್ನೂ ನಾನು ಹೇಳಿಕೊಟ್ಟಿದ್ದಲ್ಲ.

ಅಭ್ಯಾಸ ಮತ್ತು ನೋಟ್‌ಬುಕ್

ಓದಿ ಇದು ಬರುವುದಿಲ್ಲ. ಮೂವರು ಸೇರಿ. ಒಬ್ಬರು ತಮ್ಮದೇ ಒಂದು ಸಣ್ಣ ತೊಂದರೆ ಹೇಳಬೇಕು, ಒಬ್ಬರು ಕೇಳಬೇಕು, ಒಬ್ಬರು ನೋಡುತ್ತಾ ಬರೆದುಕೊಳ್ಳಬೇಕು. ಹತ್ತು ನಿಮಿಷ. ಕೇಳುವವರು ಪ್ರಶ್ನೆ ಹಾಕುವಂತಿಲ್ಲ, ಸಲಹೆ ಕೊಡುವಂತಿಲ್ಲ, ಕೇಳಿದ್ದನ್ನು ತಿರುಗಿ ಹೇಳಬಹುದು ಅಷ್ಟೆ. ಆಮೇಲೆ ಜಾಗ ಬದಲಿಸಿ. ಮೊದಲ ಸಲ ಎಲ್ಲರಿಗೂ ಬಾಯಿ ಕಟ್ಟಿಹಾಕಿದ ಹಾಗೆ ಅನ್ನಿಸುತ್ತದೆ. ಹತ್ತು ಸಲ ಮಾಡಿ.

ಹದಿನೈದು ದಿನಕ್ಕೊಮ್ಮೆಯಾದರೂ ನಿಮಗಿಂತ ಅನುಭವ ಇರುವವರ ಹತ್ತಿರ ಕೂತು, ಹೆಸರು ಹೇಳದೆ, ನಿಮ್ಮ ಸೆಷನ್‌ಗಳ ಬಗ್ಗೆ ಮಾತಾಡಿ. ಇದಕ್ಕೆ ದುಡ್ಡು ಕೊಡಬೇಕಾದರೂ ಕೊಡಿ. ಒಬ್ಬರೇ ಈ ಕೆಲಸ ಮಾಡಬೇಡಿ.

ಪ್ರತಿ ಸೆಷನ್ ಮುಗಿದ ಮೇಲೆ ಐದು ನಿಮಿಷ ಬರೆಯಿರಿ. ಪುಟವನ್ನು ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ಅವರು ಆಡಿದ ಮಾತು, ಅವರದೇ ಪದಗಳಲ್ಲಿ. ಎರಡನೆಯದರಲ್ಲಿ ಆಗ ನಿಮ್ಮೊಳಗೆ ಆದದ್ದು. ಮೂರನೆಯದರಲ್ಲಿ, ನಿಮ್ಮ ನಾಲಿಗೆ ತುದಿಗೆ ಬಂದು ನೀವು ಹೇಳದೆ ಬಿಟ್ಟ ಮಾತು. ಹೆಸರು ಬರೆಯಬೇಡಿ, ನೋಟ್‌ಬುಕ್ ಬೀಗ ಹಾಕಿ ಇಡಿ. ಆ ತಾಯಿ ಬಂದ ದಿನದ ಪುಟ ನನ್ನ ಹತ್ತಿರ ಇದೆ. ಮೊದಲ ಭಾಗದಲ್ಲಿ "ನೋವಲ್ಲ ಮೇಡಂ, ನಾಚಿಕೆ". ಎರಡನೆಯದರಲ್ಲಿ "ನನ್ನ ಅಮ್ಮನ ನೆನಪು, ಗಂಟಲು ಕಟ್ಟಿತು". ಮೂರನೆಯದರಲ್ಲಿ "ಮಕ್ಕಳು ಈ ವಯಸ್ಸಲ್ಲಿ ಹಾಗೇ, ತಲೆ ಕೆಡಿಸ್ಕೋಬೇಡಿ".